ಏರಿಯ ಮೇಲೆ ನಿಂತಿದ್ದ ಮೈಬೂಬ

ಇಂಥ ಅನುಭವಗಳನ್ನು ಹೇಳಿಕೊಳ್ಳುವವರನ್ನು ನಾನು ಎಂದೂ ನಂಬಿದವನಲ್ಲ. ಲಿಂಗಸುಗೂರಿನಲ್ಲಿ ನನ್ನದೊಂದು ಸಣ್ಣ ಕನ್ನಡಕದ ಅಂಗಡಿಯಿದೆ. ಬಂದವರ ಕಣ್ಣು ಪರೀಕ್ಷಿಸಿ, ನಂಬರು ನೋಡಿ ಕನ್ನಡಕ ಮಾಡಿಕೊಡುವುದು ನನ್ನ ಕೆಲಸ. ಕುರ್ಚಿಯ ಮೇಲೆ ಕೂತವರು ಕಣ್ಣಿನ ವಿಷಯದ ಜೊತೆಗೆ ಏನೇನೋ ಹೇಳುತ್ತಾರೆ. ಕಾಲುವೆಯ ದಂಡೆಯ ಮೇಲೆ ತೀರಿಹೋದ ಮಾವ ನಿಂತಿದ್ದನಂತೆ, ಹೊಲದ ಬದುವಿನಲ್ಲಿ ಯಾರೋ ಹೆಣ್ಣುಮಗಳು ಕೂತಿದ್ದಳಂತೆ, ಹತ್ತಿರ ಹೋದರೆ ಇಲ್ಲವಂತೆ. ನಾನು ಹೂಂಗುಟ್ಟುತ್ತ ಗಾಜು ಬದಲಿಸುತ್ತಿದ್ದೆ. ಅವರಲ್ಲಿ ಹೆಚ್ಚಿನವರಿಗೆ ಗೋಡೆಯ ಮೇಲಿನ ದೊಡ್ಡ ಅಕ್ಷರವೇ ಮಸುಕಾಗಿ ಕಾಣುತ್ತಿತ್ತು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿ, ಮಾವ ಬರುವುದಿಲ್ಲ ಎಂದು ತಮಾಷೆ ಮಾಡಿ ಕಳಿಸುತ್ತಿದ್ದೆ. ಅವರೂ ನಗುತ್ತಿದ್ದರು.

ಈಗ ನೀವು ನನ್ನ ಬಗ್ಗೆ ಹಾಗೆಯೇ ಅಂದುಕೊಂಡರೆ ನನಗೆ ಬೇಸರವಿಲ್ಲ. ನನ್ನ ಕಣ್ಣಿನಲ್ಲಿ ದೋಷವಿಲ್ಲ ಎನ್ನುವುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಆ ಘಟನೆಯಾದ ಮೇಲೆ ಹೈದರಾಬಾದಿಗೆ ಹೋಗಿ ಕಣ್ಣನ್ನೂ ತಲೆಯನ್ನೂ ತೋರಿಸಿಕೊಂಡು ಬಂದಿದ್ದೇನೆ. ಎರಡೂ ಸರಿಯಾಗಿವೆ ಎಂದು ಡಾಕ್ಟರು ಹೇಳಿದರು. ಸರಿಯಿಲ್ಲ ಎಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನನಗೆ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹಚ್ಚಿದವನು ಮೈಬೂಬ. ಸಿಂಧನೂರಿನಲ್ಲಿ ಅವನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ದೊಡ್ಡ ಆಳು, ದೊಡ್ಡ ದನಿ. ಅಂಗಡಿಯಲ್ಲಿ ಗಿರಾಕಿಯೊಡನೆ ಮಾತಾಡುವಾಗ ರಸ್ತೆಯಾಚೆಗೂ ಕೇಳಿಸುತ್ತದೆ. ಆದರೆ ಕೆರೆಯ ದಂಡೆಗೆ ಬಂದನೆಂದರೆ ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಿದ್ದ. ಕನ್ನಡಕಕ್ಕೆಂದು ನನ್ನ ಅಂಗಡಿಗೆ ಬಂದವನು ಮೊಬೈಲಿನಲ್ಲಿ ಒಂದು ಹೆಬ್ಬಾತಿನ ಚಿತ್ರ ತೋರಿಸಿ, ಇದು ಹಿಮಾಲಯ ದಾಟಿ ನಮ್ಮ ಗದ್ದೆಗೆ ಬಂದಿದೆ, ನೀನು ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವುದಿಲ್ಲವೇ ಎಂದು ಕೇಳಿದ. ಮುಂದಿನ ರವಿವಾರ ಹೋದೆ. ಆಮೇಲೆ ನನ್ನ ರವಿವಾರಗಳೆಲ್ಲ ಅವನವೇ ಆದವು. ತುಂಗಭದ್ರಾ ಕಾಲುವೆ ಬಂದ ಮೇಲೆ ನಮ್ಮ ಭಾಗದಲ್ಲಿ ನೀರಿಗೇನೂ ಕೊರತೆಯಿಲ್ಲ, ನೀರಿದ್ದಲ್ಲಿ ಹಕ್ಕಿಗಳಿಗೂ ಕೊರತೆಯಿಲ್ಲ. ಮನೆಯವರಿಗೆ ಹೇಳದ ಮಾತುಗಳನ್ನು ಕೆರೆಯ ದಂಡೆಯಲ್ಲಿ ಹೊಟ್ಟೆಯ ಮೇಲೆ ಮಲಗಿಕೊಂಡು ಅವನಿಗೆ ಹೇಳಿದ್ದೇನೆ. ಅಂಥ ಗೆಳೆತನ.

ಆ ವರ್ಷ ಭತ್ತದ ಕೊಯ್ಲು ಶುರುವಾಗುವ ಹೊತ್ತಿಗೆ ಆಂಧ್ರದ ಕರಾವಳಿಗೆ ಚಂಡಮಾರುತ ಬಂತು. ನಮ್ಮ ಕಡೆ ಮೋಡ ಕವಿದು, ಬಿಟ್ಟೂ ಬಿಡದ ಜಿನುಗು ಹಿಡಿಯಿತು. ನೆಲ ಕಚ್ಚಿದ ಭತ್ತ ನೋಡಿ ಜನ ಚಿಂತೆಯಲ್ಲಿದ್ದರು. ಆಗ ಸಿಂಧನೂರಿನ ಪಕ್ಕದ ಬಂಗಾಳಿ ನಿರಾಶ್ರಿತರ ವಸತಿ ಆರ್.ಎಚ್. ಕ್ಯಾಂಪಿನ ಪರಿಚಯದವರೊಬ್ಬರು ಮೈಬೂಬನ ಮೊಬೈಲಿಗೆ ಒಂದು ಫೋಟೋ ಕಳಿಸಿದರು. ಅವರು ಮೀನಿನ ಮರಿ ಮಾರುವವರು. ಪಾಮನಕಲ್ಲೂರಿನ ಕಡೆಯ ಒಂದು ಹಳೆಯ ಕೆರೆಗೆ ಮರಿ ಬಿಡಲು ಹೋದಾಗ ನೀರಿನ ನಡುವಿನ ಕೆಸರಿನ ಮೇಲೆ ಈ ಹಕ್ಕಿ ಕೂತಿತ್ತಂತೆ. ಇಂಥದ್ದನ್ನು ಇಲ್ಲಿ ಕಂಡಿಲ್ಲ, ಇದು ಯಾವುದು ಎಂದು ಕೇಳಿದ್ದರು.

ಫೋಟೋ ಮಸುಕಾಗಿತ್ತು. ಆದರೂ ಮೈಬೂಬ ಗುರುತಿಸಿದ. ಬೆನ್ನು ಇದ್ದಿಲಿನಂತೆ ಕಪ್ಪು, ಹೊಟ್ಟೆ ಬಿಳಿ, ಹಣೆಯ ಮೇಲೊಂದು ಬಿಳಿ ಪಟ್ಟಿ. ಅದು ಕಡಲ ರೀವ. ನಡು ಸಮುದ್ರದ ಹಕ್ಕಿ. ಮೊಟ್ಟೆ ಇಡುವುದಕ್ಕಷ್ಟೇ ಯಾವುದಾದರೂ ದ್ವೀಪಕ್ಕೆ ಬರುತ್ತದೆ, ಉಳಿದ ಕಾಲವೆಲ್ಲ ನೆಲವನ್ನೇ ಮುಟ್ಟದೆ ನೀರಿನ ಮೇಲೆ ಹಾರಿಕೊಂಡೇ ಇರುತ್ತದೆ ಎನ್ನುತ್ತಾರೆ. ಗಾಳಿಯ ಹೊಡೆತಕ್ಕೆ ಸಿಕ್ಕು ಅಷ್ಟು ದೂರದಿಂದ ಮಸ್ಕಿ ತಾಲೂಕಿಗೆ ಬಂದು ಬಿದ್ದಿತ್ತು. ಅಂಥ ಹಕ್ಕಿಗಳು ಹೆಚ್ಚು ದಿನ ಬದುಕುವುದಿಲ್ಲ. ಮೈಬೂಬ ರವಿವಾರದವರೆಗೆ ಕಾಯಲಿಲ್ಲ. ಮರುದಿನವೇ ಅಂಗಡಿಗೆ ಬೀಗ ಹಾಕಿ ಮೋಟರ್ ಸೈಕಲ್ ಮೇಲೆ ಹೊರಟ. ನಾನು ಲಿಂಗಸುಗೂರಿನಿಂದ ಬಸ್ಸಿನಲ್ಲಿ ಬಂದು ದಾರಿಯಲ್ಲಿ ಅವನನ್ನು ಕೂಡಿಕೊಂಡೆ.

ಕೆರೆ ಮುಟ್ಟಿದಾಗ ಬೆಳಗಿನ ತಿಂಡಿಯ ಹೊತ್ತು. ಸೂರ್ಯನ ಸುಳಿವಿರಲಿಲ್ಲ. ನೀರು, ಆಕಾಶ, ಕೆಸರು ಎಲ್ಲ ಒಂದೇ ಬೂದಿ ಬಣ್ಣ. ಆ ಜಾಗ ಹೇಗಿತ್ತೆಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವು ನಿಂತ ದಂಡೆಯ ನೇರ ಎದುರಿಗೆ, ನೀರಿನ ಆಚೆ, ಕೆರೆಯ ಏರಿ. ಏರಿಯ ಮೇಲೆ ಗಿಡಗಂಟಿ ಇರಲಿಲ್ಲ, ಬರೀ ಹುಲ್ಲು. ಅಲ್ಲಿ ಒಂದು ನಾಯಿ ನಡೆದರೂ ಕಾಣುತ್ತಿತ್ತು. ನಮ್ಮ ಎಡಕ್ಕೆ ಆಳೆತ್ತರದ ಜೊಂಡು, ಏರಿಯ ಬುಡದವರೆಗೂ ಹಬ್ಬಿತ್ತು. ಏರಿಗೆ ಹೋಗುವ ದಾರಿ ಆ ಜೊಂಡಿನ ಹಿಂದೆ ಸುತ್ತಿಕೊಂಡು ಹೋಗುತ್ತಿತ್ತು. ಹಕ್ಕಿ ನೀರಿನ ನಡುವೆ, ನಾಲಿಗೆಯಂತೆ ಚಾಚಿದ ಕೆಸರಿನ ತುದಿಯಲ್ಲಿ ರೆಕ್ಕೆ ಇಳಿಬಿಟ್ಟು ಕೂತಿತ್ತು.

ಇಬ್ಬರೂ ಒಂದೇ ಕಡೆಯಿಂದ ತೆಗೆದು ಏನು ಪ್ರಯೋಜನ ಎಂದ ಮೈಬೂಬ. ನಾನು ಇಲ್ಲಿಯೇ ಮಲಗುವುದು, ಅವನು ಸುತ್ತು ಹಾಕಿ ಏರಿಯ ಮೇಲಿಂದ ತೆಗೆಯುವುದು ಎಂದಾಯಿತು. ಕೂಗಿದರೆ ಹಕ್ಕಿ ಹಾರುತ್ತದೆಂದು ನಾವು ಯಾವಾಗಲೂ ಕೈ ಸನ್ನೆ ಮಾಡುತ್ತಿದ್ದೆವು. ಒಂದು ಕೈ ಎತ್ತಿದರೆ ಎಲ್ಲ ಸರಿಯಿದೆ, ಅಲ್ಲಿಯೇ ಇರು ಎಂದು ಅರ್ಥ. ಎರಡೂ ಕೈ ಎತ್ತಿದರೆ ಬಾ ಎಂದು. ಅವನು ನೀಲಿ ರೇನ್‌ಕೋಟು ತೊಟ್ಟು, ಕ್ಯಾಮೆರಾದ ಚೀಲ ಹೆಗಲಿಗೆ ಹಾಕಿಕೊಂಡು ಜೊಂಡಿನ ಹಿಂದೆ ಮರೆಯಾದ. ನಾನು ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ಕೆಸರಿನ ಅಂಚಿಗೆ ಮಲಗಿ, ಲೆನ್ಸನ್ನು ಹಕ್ಕಿಯ ಕಡೆ ತಿರುಗಿಸಿದೆ.

ಆ ಹಕ್ಕಿಯನ್ನು ಹತ್ತಿರದಿಂದ ನೋಡಿದಾಗ ನನಗೆ ಖುಷಿಯಾಗಲಿಲ್ಲ. ಅದು ಕಣ್ಣು ಮುಚ್ಚುತ್ತಿತ್ತು, ಬೆಚ್ಚಿ ತೆರೆಯುತ್ತಿತ್ತು. ಗಾಳಿ ಬಂದಾಗ ಕಾಲು ಜಾರಿ ಒಂದು ಕಡೆ ವಾಲುತ್ತಿತ್ತು. ಸಾಯುತ್ತಿರುವವರ ಮುಂದೆ ಕ್ಯಾಮೆರಾ ಹಿಡಿದ ಹಾಗೆ ಒಂದು ಹಿಂಸೆ. ಆದರೂ ಬಟನ್ ಒತ್ತುತ್ತಲೇ ಇದ್ದೆ.

ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿ ಏರಿಯ ಕಡೆ ನೋಡಿದೆ. ಮೈಬೂಬ ಮುಟ್ಟಿದ್ದ. ಏರಿಯ ನಡುಭಾಗದಲ್ಲಿ, ಬೂದಿ ಬಣ್ಣದ ಆಕಾಶಕ್ಕೆ ಎದುರಾಗಿ, ನೀಲಿ ರೇನ್‌ಕೋಟು ತೊಟ್ಟು ನಿಂತಿದ್ದ. ಅವನು ಬಲಗೈ ಎತ್ತಿದ. ನಾನೂ ಕ್ಯಾಮೆರಾ ಇಳಿಸಿ ಒಂದು ಕೈ ಎತ್ತಿದೆ. ಲೆನ್ಸು ಹಾಯಿಸಿ ನೋಡಿದಾಗ ಅವನ ಗಡ್ಡ, ಹೆಗಲ ಚೀಲದ ಪಟ್ಟಿ ಸಹ ಕಂಡವು. ಇದನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ ತಿಳಿಯದು. ದೂರದಿಂದ ಯಾವುದೋ ಗಿಡವನ್ನು ನೋಡಿ ಮನುಷ್ಯ ಎಂದುಕೊಂಡದ್ದಲ್ಲ. ಅವನು ಮೈಬೂಬನೇ. ಆದರೆ ಕ್ಯಾಮೆರಾ ಹೊರಗೆ ತೆಗೆಯಲಿಲ್ಲ, ಸುಮ್ಮನೆ ನಿಂತಿದ್ದ. ಉಸಿರು ಸುಧಾರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಮತ್ತೆ ಹಕ್ಕಿಯ ಕಡೆ ತಿರುಗಿದೆ.

ಆಗ ಎಡಗಡೆಯ ಜೊಂಡಿನಿಂದ ಒಂದು ಕೂಗು ಕೇಳಿಸಿತು. ಗಾಳಿ ನನ್ನ ಬೆನ್ನಿನ ಕಡೆಯಿಂದ ಆ ಕಡೆಗೆ ಬೀಸುತ್ತಿದ್ದುದರಿಂದ ಅದು ತೀರ ಕ್ಷೀಣವಾಗಿತ್ತು. ಮನುಷ್ಯನದೋ, ಜೊಂಡಿನಲ್ಲಿ ಅಡಗುವ ಬಕದ್ದೋ ಗೊತ್ತಾಗಲಿಲ್ಲ. ತಕ್ಷಣ ಏರಿಯ ಕಡೆ ನೋಡಿದೆ. ಮೈಬೂಬ ಅಲ್ಲೇ ಇದ್ದ. ಮತ್ತೆ ಒಂದು ಕೈ ಎತ್ತಿದ. ಎಲ್ಲ ಸರಿಯಿದೆ, ಅಲ್ಲಿಯೇ ಇರು. ಸರಿ, ಯಾರೋ ದನ ಕಾಯುವವರು ಇರಬೇಕು ಎಂದುಕೊಂಡೆ.

ಕೂಗು ಮತ್ತೆ ಬಂತು. ನಿಂತಿತು. ಮತ್ತೆ ಬಂತು. ಪ್ರತಿ ಸಲವೂ ನಾನು ಏರಿಯ ಕಡೆ ನೋಡಿ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಆದರೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಇಷ್ಟು ಅವಸರ ಮಾಡಿ ಬಂದವನು ಫೋಟೋ ತೆಗೆಯದೆ ಯಾಕೆ ನಿಂತಿದ್ದಾನೆ? ಜಿನುಗು ಜೋರಾದರೂ ರೇನ್‌ಕೋಟಿನ ಟೋಪಿಯನ್ನು ತಲೆಗೇರಿಸಿಕೊಳ್ಳಲಿಲ್ಲ. ಕೂತುಕೊಳ್ಳಲೂ ಇಲ್ಲ. ಕೂಗು ಅವನಿಗೂ ಕೇಳಿಸಬೇಕಲ್ಲ, ಯಾಕೆ ಆ ಕಡೆ ತಿರುಗಿಯೂ ನೋಡುತ್ತಿಲ್ಲ? ನನ್ನ ಬೆರಳು ಬಟನ್ ಮೇಲೆ ಇತ್ತು, ಆದರೆ ಒತ್ತಲಾಗಲಿಲ್ಲ. ಎದ್ದು ಹೋಗಲೂ ಆಗಲಿಲ್ಲ. ಗೆಳೆಯ ಕಣ್ಣೆದುರಿಗೇ ಕ್ಷೇಮವಾಗಿ ನಿಂತು ಅಲ್ಲಿಯೇ ಇರು ಎನ್ನುತ್ತಿರುವಾಗ ಯಾವುದೋ ಕೂಗಿಗೆ ಎದ್ದು ಹೋಗುವುದೆಂದರೆ ಹಕ್ಕಿಯನ್ನು ಹಾರಿಸಿಬಿಟ್ಟಂತೆ.

ಹಿಂದೆ ಕುರಿಗಳ ಸದ್ದಾಯಿತು. ತಲೆಯ ಮೇಲೆ ಕಂಬಳಿ ಹೊದ್ದ ಹೆಂಗಸೊಬ್ಬಳು ಕುರಿ ಹೊಡೆದುಕೊಂಡು ಬಂದಿದ್ದಳು. ನಡುವಯಸ್ಸು, ಗಟ್ಟಿಮುಟ್ಟಾದ ಆಳು. ಹೆಸರು ಹುಲಿಗೆಮ್ಮ ಎಂದು ಆಮೇಲೆ ತಿಳಿಯಿತು. ನನ್ನನ್ನು ನೋಡಿ ಹೆದರಲಿಲ್ಲ, ಫೋಟೋದವರು ಬರುವುದನ್ನು ಕಂಡಿದ್ದಳೇನೋ. ನಿಂತು ಜೊಂಡಿನ ಕಡೆ ಕಿವಿಗೊಟ್ಟಳು.

‘ಅಲ್ಲಿ ಯಾರೋ ಕೂಗಾಕತ್ಯಾರಲ್ರೀ. ನಿಮ್ಮ ಜೋಡಿ ಬಂದವರೇನು?’ ಎಂದಳು.

ಅಲ್ಲ, ನನ್ನ ಜೊತೆ ಬಂದವನು ಏರಿಯ ಮೇಲೆ ನಿಂತಿದ್ದಾನೆ ಎಂದು ಬೆರಳು ತೋರಿಸಿದೆ. ಅವಳು ಕಂಬಳಿ ಸರಿಸಿ, ಕೈಯನ್ನು ಹಣೆಗೆ ಹಚ್ಚಿ ನೋಡಿದಳು. ಏರಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

‘ಏರಿ ಮ್ಯಾಲ ಯಾರೂ ಇಲ್ಲಲ್ರೀ.’

ನಡುವಿನಲ್ಲಿ, ನೀಲಿ ಕೋಟು, ಎಂದೆ. ಅವಳು ಮತ್ತೆ ನೋಡಿ ತಲೆಯಾಡಿಸಿದಳು. ನನಗೆ ಸಿಟ್ಟು ಬಂತು, ಅದು ಹೆದರಿಕೆಯೇ ಇರಬೇಕು. ಪಕ್ಕದಲ್ಲಿ ಇಟ್ಟಿದ್ದ ಮೂರು ಕಾಲಿನ ಟ್ರೈಪಾಡಿಗೆ ಕ್ಯಾಮೆರಾ ಸಿಕ್ಕಿಸಿ, ಅವನ ಮೇಲೆ ಸರಿಯಾಗಿ ನಿಲ್ಲಿಸಿ, ಇದರಲ್ಲಿ ನೋಡು ಎಂದು ಅವಳನ್ನು ಕರೆದೆ. ಅವಳು ಕೆಸರಿನಲ್ಲಿ ಮೊಳಕಾಲೂರಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೋಡಿದಳು.

‘ಹುಲ್ಲು ಕಾಣಾಕತ್ತೈತಿ. ಮನಸ್ಯಾ ಇಲ್ಲ.’

ಅವಳು ಸರಿದ ಮೇಲೆ ನಾನು ನೋಡಿದೆ. ಅವನು ಇದ್ದ. ಕೈ ಎತ್ತಿಕೊಂಡೇ ಇದ್ದ.

ಮೊಬೈಲು ತೆಗೆದು ಮೈಬೂಬನಿಗೆ ಫೋನು ಮಾಡಿದೆ. ಆ ಜಾಗದಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು, ಅದೃಷ್ಟಕ್ಕೆ ಹತ್ತಿತು. ಫೋನು ಕಿವಿಗೆ ಹಿಡಿದುಕೊಂಡು ಏರಿಯನ್ನೇ ನೋಡುತ್ತಿದ್ದೆ. ಅವನು ಜೇಬಿಗೆ ಕೈ ಹಾಕಲಿಲ್ಲ. ಅಲುಗಲೂ ಇಲ್ಲ. ಅಷ್ಟರಲ್ಲಿ ಹುಲಿಗೆಮ್ಮ ನನ್ನ ತೋಳು ಮುಟ್ಟಿದಳು. ಎಡಗಡೆಯ ಜೊಂಡಿನೊಳಗೆ, ಗಾಳಿ ನಿಂತಾಗೊಮ್ಮೆ, ಮೈಬೂಬನ ಫೋನು ರಿಂಗಾಗುವುದು ಕೇಳಿಸುತ್ತಿತ್ತು.

ಆಮೇಲೆ ನಾನು ಏರಿಯ ಕಡೆ ನೋಡಲಿಲ್ಲ. ಕ್ಯಾಮೆರಾವನ್ನು ಟ್ರೈಪಾಡಿನಿಂದ ಕಿತ್ತು ನೆಲಕ್ಕೆ ಬಿಟ್ಟೆ. ಟ್ರೈಪಾಡು ಮಾತ್ರ ಕೈಯಲ್ಲೇ ಉಳಿದಿತ್ತು, ಅದನ್ನು ಹಿಡಿದುಕೊಂಡೇ ಓಡಿದೆ. ಹುಲಿಗೆಮ್ಮ ಕುರಿಗಳನ್ನು ಬಿಟ್ಟು ನನಗಿಂತ ಮುಂದೆ ಓಡುತ್ತಿದ್ದಳು. ಜೊಂಡಿನ ಒಳಗೆ ಒಂದು ಕಡೆ ಗಿಡಗಳಿಲ್ಲದ ಬಯಲಿತ್ತು, ಮೇಲೆ ಹಸಿರು ಪಾಚಿ. ನೋಡಿದರೆ ಗಟ್ಟಿ ನೆಲ ಅನ್ನಿಸಬೇಕು. ಅದರ ನಡುವೆ ಮೈಬೂಬ ಎದೆಯವರೆಗೆ ಹೂಳಿನಲ್ಲಿ ಹೂತುಹೋಗಿದ್ದ. ನೀಲಿ ಕೋಟಿನ ಭುಜಗಳು ಮಾತ್ರ ಮೇಲಿದ್ದವು. ಹಕ್ಕಿ ಹಾರಿಹೋದೀತು ಎಂಬ ಅವಸರಕ್ಕೆ ಸುತ್ತಿನ ದಾರಿ ಬಿಟ್ಟು ನಡುವೆ ಹಾದಿದ್ದ. ಕಾಲು ಇಳಿಯುತ್ತಿದ್ದಂತೆ ಮೊದಲು ಕ್ಯಾಮೆರಾದ ಚೀಲವನ್ನು ಬೀಸಿ ಜೊಂಡಿನ ಬುಡಕ್ಕೆ ಎಸೆದಿದ್ದ. ಫೋನು ಅದರಲ್ಲಿತ್ತು. ಕೈಗೆ ಸಿಗದಷ್ಟು ದೂರದಲ್ಲಿ ಅದು ರಿಂಗಾಗುತ್ತಲೇ ಇತ್ತು.

ನಾನು ನೇರವಾಗಿ ಕಾಲಿಡಲು ಹೋದಾಗ ಹುಲಿಗೆಮ್ಮ ರಟ್ಟೆ ಹಿಡಿದು ಎಳೆದಳು. ‘ನಿಂತು ಹೋಗಬ್ಯಾಡ್ರಿ, ನೀವೂ ಹೋಗ್ತೀರಿ. ಮಕ್ಕೊಂಡು ಹೋಗ್ರಿ’ ಎಂದಳು. ಟ್ರೈಪಾಡಿನ ಕಾಲುಗಳನ್ನು ಅಗಲಿಸಿ ಹೂಳಿನ ಮೇಲೆ ಹಾಸಿ, ಅದರ ಮೇಲೆ ಹೊಟ್ಟೆ ಊರಿ ಮುಂದೆ ತೆವಳಿದೆ. ಅವಳು ಕಂಬಳಿಯ ಒಂದು ತುದಿಯನ್ನು ನನ್ನ ಕಾಲಿಗೆ ಕಟ್ಟಿ ಇನ್ನೊಂದನ್ನು ಹಿಡಿದುಕೊಂಡಳು. ಮೈಬೂಬನ ಕೈ ಸಿಕ್ಕಿತು. ಅದು ತಣ್ಣಗಿತ್ತು. ಅವನ ತುಟಿಗಳು ನೀಲಿಗಟ್ಟಿದ್ದವು. ಎಳೆದರೆ ಬರಲಿಲ್ಲ. ಒಂದು ಗೇಣು ಬಂದರೆ ಮತ್ತೆ ಅಷ್ಟೇ ಇಳಿಯುತ್ತಿದ್ದ. ನನ್ನ ಬಾಯಿಗೆ ಕೆಸರು ಬರುತ್ತಿತ್ತು. ಇವನನ್ನು ಬಿಟ್ಟು ನಾನೊಬ್ಬನೇ ಮನೆಗೆ ಹೋಗಿ ರಜಿಯಾಳಿಗೆ ಏನು ಹೇಳಲಿ ಎಂದು ಯೋಚಿಸಿದ್ದು ನೆನಪಿದೆ. ರಜಿಯಾ ಅವನ ಹೆಂಡತಿ. ಅವಳ ಮುಖವನ್ನೇ ಕಣ್ಣೆದುರು ಇಟ್ಟುಕೊಂಡು ಎಳೆದೆ. ಕೊನೆಗೆ ಅವನ ಬೂಟುಗಳು ಒಳಗೇ ಉಳಿದು ಕಾಲು ಬಿಟ್ಟುಕೊಂಡವು. ಹುಲಿಗೆಮ್ಮ ಹಿಂದಿನಿಂದ ಇಬ್ಬರನ್ನೂ ಜಗ್ಗಿದಳು.

ಗಟ್ಟಿ ನೆಲಕ್ಕೆ ಬಂದ ಮೇಲೆ ಮೂವರೂ ಬಿದ್ದುಕೊಂಡೆವು. ಹುಲಿಗೆಮ್ಮ ಅದೇ ಕೆಸರಾದ ಕಂಬಳಿಯನ್ನು ಅವನಿಗೆ ಹೊದಿಸಿದಳು. ಜೊಂಡಿನ ಸಂದಿಯಿಂದ ನಾನು ಏರಿಯ ಕಡೆ ನೋಡಿದೆ. ಹುಲ್ಲು ಗಾಳಿಗೆ ಮಲಗಿ ಏಳುತ್ತಿತ್ತು, ಅಷ್ಟೇ. ನೀರಿನ ನಡುವಿನ ಕೆಸರಿನ ಮೇಲೆ ಹಕ್ಕಿಯೂ ಇರಲಿಲ್ಲ. ಹಾರಿತೋ, ನೀರಿಗೆ ಬಿದ್ದು ಸತ್ತಿತೋ ನನಗೆ ಗೊತ್ತಿಲ್ಲ.

ಮೈಬೂಬ ಎದ್ದು ಕೂತ ಮೇಲೆ ಕೇಳಿದ ಮೊದಲ ಮಾತು ನನ್ನ ಕ್ಯಾಮೆರಾ ಎಲ್ಲಿ ಎಂದು. ಅವನದಲ್ಲ, ನನ್ನದು. ತಂದುಕೊಟ್ಟೆ. ಒಂದೊಂದೇ ಫೋಟೋ ಸರಿಸಿ ಕೊನೆಯವರೆಗೂ ನೋಡಿದ. ಅಷ್ಟು ಕಷ್ಟದಲ್ಲೂ ಹಕ್ಕಿಯ ಮೋಹ ಬಿಟ್ಟಿಲ್ಲವಲ್ಲ ಎಂದುಕೊಂಡೆ. ನೋಡಿ ಮುಗಿಸಿ ಕ್ಯಾಮೆರಾ ವಾಪಸು ಕೊಟ್ಟ. ಗಾಡಿ ನಾನೇ ನಡೆಸಿದೆ, ಸಿಂಧನೂರಿನವರೆಗೂ ನನ್ನ ಹಿಂದೆ ಕೂತು ಬಂದ. ಆದರೆ ನನ್ನ ಸೊಂಟವನ್ನು ಹಿಡಿದುಕೊಳ್ಳಲಿಲ್ಲ.

ಏರಿಯ ಮೇಲೆ ಕಂಡದ್ದನ್ನು ನಾನು ಅವನಿಗೆ ಹೇಳಲಿಲ್ಲ. ಜ್ವರ ಬಂದು ಮಲಗಿದ್ದಾನೆ ಎಂದು ಕೇಳಿ ಮಾತಾಡಿಸಲು ಫೋನು ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ರವಿವಾರಗಳು ಬಂದು ಹೋದವು. ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಗಾಜು ಹಾಕಿ, ಈಗ ಕಾಣಿಸುತ್ತದೆಯೇ ಎಂದು ಕೇಳುವಾಗ ನನ್ನ ದನಿಯೇ ನನಗೆ ಬೇರೆ ಅನ್ನಿಸುತ್ತಿತ್ತು.

ಒಂದು ದಿನ ರಜಿಯಾಳ ಫೋನು ಬಂತು. ಅವಳು ಅಳುತ್ತಿರಲಿಲ್ಲ, ಆದರೆ ಅತ್ತು ಮುಗಿಸಿದ ದನಿ. ‘ಅಣ್ಣಾ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ್ರಿ. ಅವತ್ತು ನೀವು ಅವರನ್ನ ನೋಡಿಕೋತ ನಿಂತಿದ್ರಂತ, ಹೌದೇನು?’ ಎಂದಳು. ನನಗೆ ಅರ್ಥವಾಗಲಿಲ್ಲ. ಅವಳು ಮತ್ತೆ ಹೇಳಿದಳು. ನಿದ್ದೆಯಲ್ಲಿ ಅವನು ನನ್ನ ಹೆಸರು ಹಿಡಿದು ಕೂಗುತ್ತಾನಂತೆ, ಫೋಟೋ ಸಾಕು ಮಾಡು, ಕೈ ಕೊಡು ಎನ್ನುತ್ತಾನಂತೆ.

ಅದೇ ಸಂಜೆ ಸಿಂಧನೂರಿಗೆ ಹೋದೆ. ಮೈಬೂಬ ಅಂಗಡಿಯ ಒಳಗೆ, ಟೈರುಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದ. ಸೊರಗಿ ಇಳಿದುಹೋಗಿದ್ದ. ನನ್ನನ್ನು ನೋಡಿ ಎದ್ದು ಷಟರ್ ಅರ್ಧ ಎಳೆದ. ಕುಳಿತುಕೋ ಎನ್ನಲಿಲ್ಲ. ಅವನ ಆ ದೊಡ್ಡ ದನಿ ಎಲ್ಲಿಗೆ ಹೋಗಿತ್ತೋ, ನೆಲ ನೋಡಿಕೊಂಡು ಪಿಸುಮಾತಿನಲ್ಲಿ ಹೇಳಿದ.

‘ನೀ ಜೊಂಡಿನ ಅಂಚಿಗೆ ನಿಂತಿದ್ದಿ. ಇಲ್ಲಿಂದ ಆ ಬಾಗಿಲ ತನಕ ಎಷ್ಟು ದೂರ, ಅಷ್ಟ. ಕ್ಯಾಮೆರಾ ಕಣ್ಣಿಗೆ ಹಚ್ಕೊಂಡು ನನ್ನ ಕಡೀನ ಹಿಡದಿದ್ದಿ. ನಾ ಕೂಗಿದೆ. ನೀ ಕ್ಯಾಮೆರಾ ಇಳಿಸಿ ನನ್ನ ನೋಡಿ ಒಂದು ಕೈ ಎತ್ತಿದಿ. ಮತ್ತ ಕ್ಯಾಮೆರಾ ಹಚ್ಕೊಂಡಿ. ಎಷ್ಟು ಕೂಗಿದ್ರೂ ಬರಲಿಲ್ಲ.’

ನಾನು ಕ್ಯಾಮೆರಾ ಇಳಿಸಿದ್ದು ನಿಜ. ಒಂದು ಕೈ ಎತ್ತಿದ್ದೂ ನಿಜ. ಆದರೆ ಅದು ಹೂಳಿನಲ್ಲಿದ್ದವನಿಗೆ ಕಾಣದಷ್ಟು ದೂರದಲ್ಲಿ, ಜೊಂಡಿನ ಆಚೆ, ನೆಲದ ಮೇಲೆ ಮಲಗಿಕೊಂಡು, ಏರಿಯ ಮೇಲಿದ್ದ ಅವನಿಗೇ. ಅದನ್ನೆಲ್ಲ ಹೇಳಿದೆ. ಒಂದಕ್ಕೊಂದು ಸೇರದ ಮಾತುಗಳಲ್ಲಿ, ತೊದಲುತ್ತ ಹೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿದರೆ ತಪ್ಪಿಲ್ಲ ಎಂದು ಹೇಳುತ್ತಿರುವಾಗಲೇ ನನಗೆ ಅನ್ನಿಸುತ್ತಿತ್ತು. ತಾನು ಮಾಡಿದ್ದನ್ನು ಮುಚ್ಚಿಕೊಳ್ಳಲು ಒಬ್ಬ ಮನುಷ್ಯ ಕಟ್ಟುವ ಕತೆ ಇದಕ್ಕಿಂತ ಬೇರೆ ಇರುತ್ತದೆಯೇ?

ಕ್ಯಾಮೆರಾ ಜೊತೆಯಲ್ಲೇ ತಂದಿದ್ದೆ. ಮತ್ತೊಮ್ಮೆ ಇಬ್ಬರೂ ಕೂತು ನೋಡಿದೆವು. ಹೂಳಿನಲ್ಲಿದ್ದ ಮೈಬೂಬನ ಚಿತ್ರ ಒಂದೂ ಇರಲಿಲ್ಲ. ಅವತ್ತು ಕೆರೆಯ ದಂಡೆಯಲ್ಲಿ ಅವನು ಹುಡುಕಿದ್ದು ಅದನ್ನೇ. ಎಲ್ಲದರಲ್ಲೂ ಹಕ್ಕಿ, ಹಕ್ಕಿಯ ಹಿಂದೆ ಮಸುಕಾದ ಏರಿ. ನಾನು ಏರಿಯ ಮೇಲಿನವನನ್ನು ಬರೀ ನೋಡಿದ್ದೆನೇ ಹೊರತು ಅವನ ಫೋಟೋ ತೆಗೆದಿರಲಿಲ್ಲ, ಸ್ನೇಹಿತ ಸುಮ್ಮನೆ ನಿಂತಿರುವುದನ್ನು ಯಾರು ತೆಗೆಯುತ್ತಾರೆ? ಒಂದೆರಡು ಚಿತ್ರಗಳಲ್ಲಿ ಅಂಚಿನಲ್ಲಿ ಒಂದು ಚುಕ್ಕೆಯಿದೆ. ನೀಲಿ ಎಂದರೆ ನೀಲಿ, ಬೂದಿ ಎಂದರೆ ಬೂದಿ. ಮೈಬೂಬ ಅದನ್ನು ದೊಡ್ಡದು ಮಾಡಿ ನೋಡಿದ. ದೊಡ್ಡದಾದಷ್ಟೂ ಅದು ಚೌಕ ಚೌಕವಾಗಿ ಒಡೆದುಹೋಯಿತು.

‘ಇದು ನಾ ಅಲ್ಲ’ ಎಂದ.

‘ಜೊಂಡಿನ ಅಂಚಿಗೆ ನಿಂತಾಂವ ನಾನೂ ಅಲ್ಲ’ ಎಂದೆ.

ಆಗ ಅವನು ತಲೆ ತಗ್ಗಿಸಿ ಇನ್ನೊಂದು ವಿಷಯ ಹೇಳಿದ. ಜ್ವರ ಬಿಟ್ಟ ಮೇಲೆ ಯಾರಿಗೂ ಹೇಳದೆ ಆ ಕೆರೆಗೆ ಹೋಗಿ ಬಂದಿದ್ದನಂತೆ. ಜೊಂಡಿನ ಅಂಚಿನಲ್ಲಿ ನನ್ನ ಬೂಟಿನ ಗುರುತು ಹುಡುಕಲು. ಅಷ್ಟರಲ್ಲಿ ಮಳೆಯೂ ಆಗಿತ್ತು, ಕುರಿಗಳೂ ತುಳಿದಿದ್ದವು. ಹುಲಿಗೆಮ್ಮ ಸಿಕ್ಕಳಂತೆ. ನಾನು ಎಲ್ಲಿದ್ದೆ ಎಂದು ಅವಳನ್ನು ಕೇಳಿದ್ದಕ್ಕೆ, ತಾನು ಬಂದಾಗ ನಾನು ದಂಡೆಯಲ್ಲಿ ಮಲಗಿದ್ದೆ, ಏರಿಯ ಮೇಲೆ ಮೈಬೂಬ ಇದ್ದಾನೆ ಎಂದು ತನ್ನ ಜೊತೆ ಜಗಳಕ್ಕೇ ನಿಂತಿದ್ದೆ, ಅದಕ್ಕೂ ಮೊದಲಿನದು ತನಗೇನು ಗೊತ್ತು ಎಂದಳಂತೆ. ಅವಳು ಹೇಳಿದ್ದು ಸರಿ. ಅದಕ್ಕೂ ಮೊದಲಿನದಕ್ಕೆ ನನ್ನ ಮಾತು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಗೆಳೆಯನೊಬ್ಬ ನನ್ನ ಹೆಜ್ಜೆ ಗುರುತು ಹುಡುಕಿಕೊಂಡು ಹೋಗಿದ್ದ ಎಂಬ ಮಾತು ಎಷ್ಟು ನೋಯಿಸಬೇಕೋ ಅಷ್ಟೂ ನೋಯಿಸಿತು. ಆದರೆ ಅವನ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಹೋಗುತ್ತಿದ್ದೆ.

ತಿಳಿದವರು ಏನೇನೋ ಹೇಳಿದರು. ಚಳಿಗೆ, ಭಯಕ್ಕೆ ಅವನ ತಲೆ ಕೆಲಸ ಮಾಡಿರಲಿಕ್ಕಿಲ್ಲ, ಬೇಕಾದವರ ಮುಖ ಕಣ್ಣಿಗೆ ಕಟ್ಟುತ್ತದೆ ಎಂದರು. ಒಪ್ಪುತ್ತೇನೆ. ಆದರೆ ನನಗೆ ಚಳಿಯೂ ಇರಲಿಲ್ಲ, ಆಗಿನ್ನೂ ಭಯವೂ ಇರಲಿಲ್ಲ. ಬಿಸಿಲ್ಗುದುರೆ ಎನ್ನಲು ಬಿಸಿಲೇ ಇರಲಿಲ್ಲ. ನಾನೊಬ್ಬನೇ ಒಂದು ದಿನ ಆ ಏರಿಯ ಮೇಲೆ ಹೋಗಿ ನಿಂತು ನೋಡಿ ಬಂದೆ. ಕಂಬವಿಲ್ಲ, ಕಲ್ಲಿಲ್ಲ, ಗೊಬ್ಬರದ ಚೀಲ ಸಿಕ್ಕಿಕೊಳ್ಳುವಂಥ ಒಂದು ಮುಳ್ಳುಗಿಡವೂ ಇಲ್ಲ. ಅವರವರ ಕಣ್ಣಿಗೆ ಅವರವರ ಭ್ರಮೆ ಎಂದು ಬಿಟ್ಟುಬಿಡಬಹುದು. ಆದರೆ ಜೊಂಡಿನಾಚೆ ನಾನು ಎತ್ತಿದ ಕೈ ಅವನಿಗೆ ಹೇಗೆ ಕಂಡಿತು? ನನ್ನ ಗೆಳೆಯ ಸಾಯುತ್ತಿರುವಾಗ ಅವನದೇ ರೂಪದಲ್ಲಿ ನಿಂತು, ಎಲ್ಲ ಸರಿಯಿದೆ, ಅಲ್ಲಿಯೇ ಇರು ಎಂದು ನನಗೆ ಹೇಳುತ್ತಿದ್ದದ್ದು ಏನು? ಹುಲಿಗೆಮ್ಮ ಆ ಹೊತ್ತಿಗೆ ಕುರಿ ಹೊಡೆದುಕೊಂಡು ಬಾರದಿದ್ದರೆ ನಾನು ಅಲ್ಲಿಯೇ ಮಲಗಿರುತ್ತಿದ್ದೆ ಎನ್ನುವುದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷವಾದರೂ ಇದಕ್ಕಿಂತ ಮುಂದೆ ನನ್ನ ಬುದ್ಧಿ ಹೋಗುವುದಿಲ್ಲ.

ಮೈಬೂಬ ನನ್ನ ಮಾತು ನಂಬಿದನೋ ಇಲ್ಲವೋ ನಾನು ಕೇಳಿಲ್ಲ. ಒಂದು ಚಳಿಗಾಲ ಕಳೆದು ಮತ್ತೊಂದು ಬಂದಾಗ ಅವನೇ ಫೋನು ಮಾಡಿ, ಮಸ್ಕಿಯ ಹತ್ತಿರದ ಕೆರೆಗೆ ಹೆಬ್ಬಾತು ಇಳಿದಿವೆ, ಬರುತ್ತೀಯಾ ಎಂದ. ಹೋದೆ. ಈಗಲೂ ಹೋಗುತ್ತೇವೆ. ಆದರೆ ಬೇರೆ ಬೇರೆ ದಂಡೆಗೆ ಹೋಗುವುದಿಲ್ಲ. ಕೈ ಸನ್ನೆಯನ್ನೂ ಬಿಟ್ಟಿದ್ದೇವೆ. ಪಕ್ಕ ಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಮಲಗುತ್ತೇವೆ. ಒಂದೇ ಹಕ್ಕಿಯ ಒಂದೇ ಥರದ ಫೋಟೋ ಇಬ್ಬರ ಬಳಿಯೂ ಇರುತ್ತದೆ.

ಹೋದ ತಿಂಗಳು ಹಾಗೆಯೇ ಮಲಗಿದ್ದಾಗ ಆಚೆ ದಂಡೆಯಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಸುಮ್ಮನೆ ನೀರಿನ ಕಡೆ ನೋಡುತ್ತಿದ್ದ. ನಾನು ಲೆನ್ಸು ಇಳಿಸಿದೆ. ಪಕ್ಕದಲ್ಲಿ ಮೈಬೂಬನ ಕ್ಯಾಮೆರಾದ ಸದ್ದೂ ನಿಂತಿತ್ತು. ಅವನು ನನ್ನ ಕಡೆ ತಿರುಗದೆ ಮೆಲ್ಲಗೆ ಕೇಳಿದ.

‘ಅಲ್ಲಿ ಒಬ್ಬಾಂವ ನಿಂತಾನಲ್ಲ, ನಿನಗೂ ಕಾಣಾಕತ್ತಾನೇನು?’

‘ಕಾಣಾಕತ್ತಾನ’ ಎಂದೆ.

ಆ ಮನುಷ್ಯ ನೀರಿಗಿಳಿದು, ಬಗ್ಗಿ ಮುಖಕ್ಕೆ ನೀರು ಹೊಡೆದುಕೊಂಡು, ಬಂದ ದಾರಿಯಲ್ಲಿ ವಾಪಸು ಹೋಗುವವರೆಗೂ ಇಬ್ಬರೂ ಕ್ಯಾಮೆರಾ ಮುಟ್ಟಲಿಲ್ಲ.